ಹೈಸ್ಕೂಲಿನ ಗ್ರೇಡು: ಪ್ರವೇಶಕ್ಕೆ ಒಂದು ಲೆಕ್ಕ, ವಿದ್ಯಾರ್ಥಿವೇತನಕ್ಕೆ ಇನ್ನೊಂದು ಲೆಕ್ಕ

ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರ ಮನೆಗಳಲ್ಲಿ, ಮಗು ಒಂಬತ್ತನೇ ತರಗತಿಗೆ ಕಾಲಿಟ್ಟ ಕೂಡಲೇ ಏಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಒಳ್ಳೆಯ ವಿಶ್ವವಿದ್ಯಾಲಯ ಸಿಗಬೇಕಾದರೆ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಎಷ್ಟಿರಬೇಕು? ಪರಿಚಿತರ ಮಕ್ಕಳ ಅಂಕಪಟ್ಟಿಗಳನ್ನು ಕೂತು ನೋಡಿ, ನನಗೆ ತಿಳಿದಷ್ಟನ್ನು ಹೇಳುತ್ತಾ ಬಂದಿರುವುದರಿಂದ ಈ ಪ್ರಶ್ನೆಯನ್ನು ನಾನು ಹಲವು ರೂಪಗಳಲ್ಲಿ ಕೇಳಿದ್ದೇನೆ. ಪಿಯುಸಿ ಅಂಕ, ಸಿಇಟಿ ರ‍್ಯಾಂಕು ಎಂಬ ಸಂಖ್ಯೆಗಳೇ ಸೀಟನ್ನು ನಿರ್ಧರಿಸುವ ಪದ್ಧತಿಯಲ್ಲಿ ಓದಿ ಬಂದ ತಂದೆತಾಯಿಯರಿಗೆ ಇಲ್ಲಿಯೂ ಅಂಥದ್ದೊಂದು ಸಂಖ್ಯೆ ಇರಲೇಬೇಕು ಎನ್ನಿಸುವುದು ಸಹಜ. ಆದರೆ ಇಲ್ಲಿ ಒಂದೇ ಅಂಕಪಟ್ಟಿ ಇಬ್ಬರು ಬೇರೆ ಬೇರೆ ಜನರ ಕೈಗೆ ಹೋಗುತ್ತದೆ. ಪ್ರವೇಶ ಕೊಡುವವರು ಅದನ್ನು ಓದುತ್ತಾರೆ. ವಿದ್ಯಾರ್ಥಿವೇತನ ಕೊಡುವವರಲ್ಲಿ ಬಹಳಷ್ಟು ಮಂದಿ ಅದನ್ನು ಅಳೆಯುತ್ತಾರೆ. ಓದುವವರಿಗೆ ಮೆಚ್ಚುಗೆಯಾದ ಅಂಕಪಟ್ಟಿ ಅಳೆಯುವವರ ಗೆರೆಯನ್ನು ಮುಟ್ಟದೆ ಹೋಗಬಹುದು. ಗೆರೆಯನ್ನು ಸಲೀಸಾಗಿ ದಾಟಿದ ಅಂಕಪಟ್ಟಿ ಓದುವವರಿಗೆ ಸಪ್ಪೆಯಾಗಿ ಕಾಣಬಹುದು. ಈ ವ್ಯತ್ಯಾಸ ಹನ್ನೆರಡನೇ ತರಗತಿಯ ಚಳಿಗಾಲದಲ್ಲಿ ಗೊತ್ತಾದರೆ ಪ್ರಯೋಜನ ಕಡಿಮೆ. ಮೊದಲ ವರ್ಷವೇ ಗೊತ್ತಿದ್ದರೆ ವಿಷಯಗಳ ಆಯ್ಕೆಯಿಂದ ಹಿಡಿದು ಅರ್ಜಿ ಹಾಕುವ ಕಾಲೇಜುಗಳ ಪಟ್ಟಿಯವರೆಗೆ ಎಲ್ಲವನ್ನೂ ಯೋಚಿಸಿ ಮಾಡಬಹುದು.

ಮೊದಲು ಲೆಕ್ಕವನ್ನೇ ನೋಡೋಣ. ಸಾಮಾನ್ಯವಾದ ಪದ್ಧತಿಯಲ್ಲಿ ಎ ಗ್ರೇಡಿಗೆ 4, ಬಿ ಗ್ರೇಡಿಗೆ 3, ಸಿ ಗ್ರೇಡಿಗೆ 2, ಡಿ ಗ್ರೇಡಿಗೆ 1, ಎಫ್ ಬಂದರೆ ಸೊನ್ನೆ. ಎಲ್ಲ ವಿಷಯಗಳ ಸರಾಸರಿಯೇ ಜಿಪಿಎ. ಪಾಠ ಸುಲಭದ್ದೋ ಕಷ್ಟದ್ದೋ ಎಂದು ನೋಡದೆ ತೆಗೆದ ಸರಾಸರಿಯನ್ನು ಅನ್‌ವೇಟೆಡ್ ಎನ್ನುತ್ತಾರೆ. ಎಪಿ, ಐಬಿ, ಆನರ್ಸ್ ಎಂಬ, ಸಾಮಾನ್ಯ ತರಗತಿಗಳಿಗಿಂತ ಕಷ್ಟದ ತರಗತಿಗಳಿಗೆ ಹೆಚ್ಚುವರಿ ಪಾಯಿಂಟು ಸೇರಿಸಿ ತೆಗೆದದ್ದು ವೇಟೆಡ್. ಎಷ್ಟು ಸೇರಿಸಬೇಕು ಎಂಬುದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ನಿಯಮವಿಲ್ಲ. ಒಂದು ಶಾಲೆ ಪೂರ್ತಿ ಒಂದು ಪಾಯಿಂಟು ಕೊಟ್ಟರೆ ಪಕ್ಕದ ಊರಿನ ಶಾಲೆ ಅರ್ಧ ಕೊಡುತ್ತದೆ, ಇನ್ನೊಂದು ಏನನ್ನೂ ಕೊಡುವುದಿಲ್ಲ.

ಒಬ್ಬ ಹುಡುಗಿ ಇಂಗ್ಲಿಷ್, ಗಣಿತ, ವಿಜ್ಞಾನದಂಥ ಆರು ಮುಖ್ಯ ವಿಷಯಗಳನ್ನು ತೆಗೆದುಕೊಂಡಿದ್ದಾಳೆ, ಅವುಗಳಲ್ಲಿ ನಾಲ್ಕು ಎಪಿ ತರಗತಿಗಳು ಎಂದಿಟ್ಟುಕೊಳ್ಳಿ. ಎಪಿಗಳಲ್ಲಿ ಎರಡು ಎ, ಎರಡು ಬಿ. ಉಳಿದ ಎರಡು ಸಾಮಾನ್ಯ ತರಗತಿಗಳಲ್ಲಿ ಎ. ಅನ್‌ವೇಟೆಡ್ ಲೆಕ್ಕದಲ್ಲಿ ಒಟ್ಟು 22, ಅದನ್ನು ಆರರಿಂದ ಭಾಗಿಸಿದರೆ 3.67. ಎಪಿಗೆ ಒಂದು ಪಾಯಿಂಟು ಸೇರಿಸುವ ಶಾಲೆಯಲ್ಲಿ ಒಟ್ಟು 26 ಆಗಿ ಜಿಪಿಎ 4.33ಕ್ಕೆ ಏರುತ್ತದೆ. ಜಾರ್ಜಿಯಾ ರಾಜ್ಯದ ಹೋಪ್ ವಿದ್ಯಾರ್ಥಿವೇತನದವರು ಶಾಲೆ ಸೇರಿಸಿದ್ದನ್ನು ತೆಗೆದುಹಾಕಿ, ಎಪಿ ತರಗತಿಗೆ ತಾವೇ ಅರ್ಧ ಪಾಯಿಂಟು ಕೊಡುತ್ತಾರೆ, ಅದೂ ಯಾವ ಗ್ರೇಡೂ 4 ಮೀರದಂತೆ. ಅಂದರೆ ಎ ಗ್ರೇಡಿಗೆ ಏನೂ ಸೇರುವುದಿಲ್ಲ, ಎರಡು ಬಿಗಳು ಮಾತ್ರ 3.5 ಆಗುತ್ತವೆ. ಅವರ ಲೆಕ್ಕದಲ್ಲಿ ಅದೇ ಹುಡುಗಿಯ ಜಿಪಿಎ 3.83. ಮೂರೂ ಸರಿಯಾದ ಸಂಖ್ಯೆಗಳೇ. ಹಾಗಾಗಿ ಯಾರಾದರೂ "ನಮ್ಮ ಮಗಳದ್ದು 4.3" ಎಂದಾಗ ನಾನು ಮೊದಲು ಕೇಳುವುದು ಅದು ಯಾರ ಲೆಕ್ಕ ಎಂದು. ಬೇರೆ ಶಾಲೆಯ ಮಗುವಿನ ಸಂಖ್ಯೆಯ ಪಕ್ಕದಲ್ಲಿ ನಮ್ಮ ಮಗುವಿನ ಸಂಖ್ಯೆಯನ್ನಿಟ್ಟು ಕೊರಗುವುದರಿಂದ ಆ ಮಗುವಿಗೆ ನೋವಾಗುತ್ತದೆಯೇ ಹೊರತು ಬೇರೇನೂ ತಿಳಿಯುವುದಿಲ್ಲ.

ಈಗ ಓದುವವರ ವಿಷಯಕ್ಕೆ ಬರೋಣ. ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘಟನೆಯಾದ ನ್ಯಾಕ್ಯಾಕ್ ನಡೆಸುವ ಸಮೀಕ್ಷೆಗಳಲ್ಲಿ ಕಾಲೇಜುಗಳು ಮತ್ತೆ ಮತ್ತೆ ಮೇಲಿನ ಸ್ಥಾನ ಕೊಟ್ಟಿರುವುದು ಹೈಸ್ಕೂಲಿನ ಗ್ರೇಡುಗಳಿಗೆ ಮತ್ತು ವಿದ್ಯಾರ್ಥಿ ಆರಿಸಿಕೊಂಡ ಪಾಠಗಳ ಗಟ್ಟಿತನಕ್ಕೆ. ಪ್ರಬಂಧ, ಶಿಫಾರಸು ಪತ್ರ, ಶಾಲೆಯಾಚೆಗಿನ ಚಟುವಟಿಕೆಗಳೆಲ್ಲ ಅದರ ನಂತರದ್ದು. ಆದರೆ ಗ್ರೇಡು ಎಂದರೆ ಅವರಿಗೆ ಸರಾಸರಿಯೊಂದೇ ಅಲ್ಲ. ಅಂಕಪಟ್ಟಿಯ ಜೊತೆಗೆ ಶಾಲೆಯ ಕೌನ್ಸೆಲರ್ ಸ್ಕೂಲ್ ಪ್ರೊಫೈಲ್ ಎಂಬ ಒಂದೆರಡು ಪುಟದ ಟಿಪ್ಪಣಿಯನ್ನೂ ಕಳಿಸುತ್ತಾರೆ. ಆ ಶಾಲೆಯಲ್ಲಿ ಎಷ್ಟು ಎಪಿ ತರಗತಿಗಳಿವೆ, ಗ್ರೇಡು ಹೇಗೆ ಕೊಡುತ್ತಾರೆ, ಅಲ್ಲಿನ ಮಕ್ಕಳು ಮುಂದೆ ಎಲ್ಲಿಗೆ ಹೋಗುತ್ತಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ನಾಲ್ಕೇ ಎಪಿ ಇರುವ ಶಾಲೆಯಲ್ಲಿ ನಾಲ್ಕನ್ನೂ ತೆಗೆದುಕೊಂಡ ಮಗು, ಇಪ್ಪತ್ತು ಎಪಿ ಇರುವ ಶಾಲೆಯಲ್ಲಿ ನಾಲ್ಕು ತೆಗೆದುಕೊಂಡ ಮಗುವಿಗಿಂತ ಅವರ ಕಣ್ಣಿಗೆ ಬೇರೆಯಾಗಿಯೇ ಕಾಣುತ್ತದೆ. ಅನುಕೂಲ ಕಡಿಮೆ ಇರುವ ಶಾಲೆಯ ಮಕ್ಕಳಿಗೆ ಇದರಿಂದ ಸ್ವಲ್ಪವಾದರೂ ನ್ಯಾಯ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ, ಪೂರ್ತಿ ಸಿಗದಿದ್ದರೂ.

ಗ್ರೇಡುಗಳ ಏರಿಳಿತವನ್ನೂ ಅವರು ನೋಡುತ್ತಾರೆ. ಒಂಬತ್ತನೇ ತರಗತಿಯಲ್ಲಿ ತಡವರಿಸಿ ಹನ್ನೊಂದರ ಹೊತ್ತಿಗೆ ಕಷ್ಟದ ಪಾಠಗಳಲ್ಲಿ ಎ ತೆಗೆಯುತ್ತಿರುವ ಮಗುವಿನ ಅಂಕಪಟ್ಟಿಯೂ, ಮೊದಲು ಎ ತೆಗೆದು ಆಮೇಲೆ ಜಾರಿದ ಮಗುವಿನ ಅಂಕಪಟ್ಟಿಯೂ ಸರಾಸರಿಯಲ್ಲಿ ಒಂದೇ ಆಗಿರಬಹುದು, ಓದುವವರಿಗೆ ಒಂದೇ ಆಗಿರುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಇದನ್ನು ತನ್ನ ನಿಯಮದಲ್ಲೇ ಸೇರಿಸಿಕೊಂಡಿದೆ. ಬರ್ಕ್ಲಿ, ಲಾಸ್ ಏಂಜಲಿಸ್ ಮುಂತಾದ ಅದರ ಎಲ್ಲ ಕ್ಯಾಂಪಸ್‌ಗಳ ಪ್ರವೇಶಕ್ಕೂ ಜಿಪಿಎ ಲೆಕ್ಕ ಹಾಕುವಾಗ ಹತ್ತು ಮತ್ತು ಹನ್ನೊಂದನೇ ತರಗತಿಗಳ ಗ್ರೇಡುಗಳನ್ನೂ ಆ ವರ್ಷಗಳಿಗೆ ಹೊಂದಿಕೊಂಡ ಬೇಸಿಗೆ ರಜೆಗಳಲ್ಲಿ ತೆಗೆದುಕೊಂಡ ಪಾಠಗಳನ್ನೂ ಮಾತ್ರ ಹಿಡಿಯುತ್ತಾರೆ. ಒಂಬತ್ತನೇ ತರಗತಿಯ ಪಾಠಗಳನ್ನು ಮುಗಿಸಿರಬೇಕು, ಗ್ರೇಡು ಸರಾಸರಿಗೆ ಸೇರುವುದಿಲ್ಲ. ಪ್ಲಸ್ಸು, ಮೈನಸ್ಸುಗಳಿಗೂ ಅಲ್ಲಿ ಬೆಲೆಯಿಲ್ಲ. ಎ ಮೈನಸ್ ಬಂದರೂ ಅದು ಎ. ಹೆಚ್ಚುವರಿ ಪಾಯಿಂಟು ಸಿಗುವುದು ಎಂಟು ಸೆಮಿಸ್ಟರ್ ಪಾಠಗಳಿಗೆ ಮಾತ್ರ, ಆದ್ದರಿಂದ ಹನ್ನೆರಡು ಎಪಿ ತೆಗೆದುಕೊಂಡರೆ ಆ ಸಂಖ್ಯೆ ಇನ್ನಷ್ಟು ಮೇಲೇರುತ್ತದೆ ಎಂದು ತಿಳಿಯಬಾರದು. ಅರ್ಜಿಗೆ ಅರ್ಹತೆ ಪಡೆಯಲು ಆ ರಾಜ್ಯದ ಮಕ್ಕಳಿಗೆ 3.0, ಹೊರಗಿನವರಿಗೆ 3.4 ಬೇಕು, ಪ್ರವೇಶ ಸಿಗುವವರ ಗ್ರೇಡುಗಳು ಸಾಮಾನ್ಯವಾಗಿ ಅದಕ್ಕಿಂತ ಬಹಳ ಮೇಲಿರುತ್ತವೆ. 2021ರಿಂದ ಆ ವಿಶ್ವವಿದ್ಯಾಲಯ ಎಸ್‌ಎಟಿ, ಎಸಿಟಿ ಎಂಬ ಪ್ರವೇಶ ಪರೀಕ್ಷೆಗಳ ಅಂಕಗಳನ್ನು ಪ್ರವೇಶ ನಿರ್ಧಾರಕ್ಕೆ ನೋಡುವುದೇ ಇಲ್ಲವಾದ್ದರಿಂದ ಅಂಕಪಟ್ಟಿಯ ಭಾರ ಅಲ್ಲಿ ಇನ್ನೂ ಹೆಚ್ಚು.

ಗ್ರೇಡಿಗೆ ಇಷ್ಟು ಮಹತ್ವ ಏಕೆ ಎಂಬುದಕ್ಕೆ ಆಧಾರವಿದೆ. ಚಿಕಾಗೊ ನಗರದ ಸರ್ಕಾರಿ ಶಾಲೆಗಳಿಂದ ಕಾಲೇಜಿಗೆ ಹೋದ ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾಲೇಜು ಪದವಿ ಮುಗಿಸುತ್ತಾರೋ ಇಲ್ಲವೋ ಎಂಬುದರ ಜೊತೆ ಎಸಿಟಿ ಅಂಕಕ್ಕಿರುವ ಸಂಬಂಧಕ್ಕಿಂತ ಹೈಸ್ಕೂಲ್ ಜಿಪಿಎಗೆ ಇರುವ ಸಂಬಂಧ ಸುಮಾರು ಐದು ಪಟ್ಟು ಬಲವಾಗಿದೆ ಎಂದು ಕಂಡುಕೊಂಡಿತು. ಒಂದು ಶನಿವಾರದ ಮೂರು ಗಂಟೆಯ ಪರೀಕ್ಷೆಯಲ್ಲಿ ಕಾಣದ್ದು ನಾಲ್ಕು ವರ್ಷಗಳ ಗ್ರೇಡಿನಲ್ಲಿ ಕಾಣುತ್ತದೆ: ದಿನವೂ ತರಗತಿಗೆ ಹೋಗುವುದು, ಇಷ್ಟವಿಲ್ಲದ ವಿಷಯದ ಮನೆಗೆಲಸವನ್ನೂ ಮುಗಿಸುವುದು, ಒಂದು ಪರೀಕ್ಷೆ ಕೆಟ್ಟರೆ ಮುಂದಿನದಕ್ಕೆ ಸರಿಪಡಿಸಿಕೊಳ್ಳುವುದು.

ಆದರೆ ಗ್ರೇಡು ಅಗ್ಗವಾಗುತ್ತಿದೆ ಎಂಬ ದೂರಿನಲ್ಲೂ ಹುರುಳಿದೆ. ಎಸಿಟಿ ಪರೀಕ್ಷೆ ಬರೆದ ಮಕ್ಕಳ ಸರಾಸರಿ ಹೈಸ್ಕೂಲ್ ಜಿಪಿಎ 2010ರಲ್ಲಿ 3.22 ಇದ್ದದ್ದು 2021ರ ಹೊತ್ತಿಗೆ 3.39ಕ್ಕೆ ಏರಿತ್ತು ಎಂದು ಆ ಸಂಸ್ಥೆಯೇ 2022ರಲ್ಲಿ ವರದಿ ಮಾಡಿತು. ಎಲ್ಲರೂ ಮೇಲಿನ ಮೆಟ್ಟಿಲಿನಲ್ಲಿ ಒತ್ತೊತ್ತಾಗಿ ನಿಂತಾಗ, ಅತಿ ಹೆಚ್ಚು ಅರ್ಜಿ ಬರುವ ಕಾಲೇಜುಗಳಿಗೆ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು ಕಷ್ಟವಾಗುತ್ತದೆ. ಎಂಐಟಿ 2022ರಲ್ಲಿ, ಡಾರ್ಟ್‌ಮತ್ 2024ರಲ್ಲಿ ಪ್ರವೇಶ ಪರೀಕ್ಷೆಯ ಅಂಕವನ್ನು ಮತ್ತೆ ಕಡ್ಡಾಯ ಮಾಡಿದವು. ಇಂಥ ಕಡೆ ಒಳ್ಳೆಯ ಜಿಪಿಎ ಬಾಗಿಲ ತನಕ ತಂದು ನಿಲ್ಲಿಸುತ್ತದೆ, ಒಳಗೆ ಬಿಡುವುದು ಬೇರೆಯ ಕಾರಣಗಳಿಗಾಗಿ.

ಎಪಿಯ ವಿಷಯದಲ್ಲಿ ಒಂದು ಗೊಂದಲವನ್ನು ಇಲ್ಲೇ ಬಿಡಿಸುತ್ತೇನೆ, ಏಕೆಂದರೆ ತಂದೆತಾಯಿಯರು ಇದನ್ನು ಕೇಳದ ವರ್ಷವಿಲ್ಲ. ಎಪಿ ತರಗತಿಯ ಗ್ರೇಡು ಬೇರೆ, ಮೇ ತಿಂಗಳಲ್ಲಿ ನಡೆಯುವ ಎಪಿ ಪರೀಕ್ಷೆಯ 1ರಿಂದ 5ರವರೆಗಿನ ಅಂಕ ಬೇರೆ. ಜಿಪಿಎಗೆ ಸೇರುವುದು ಶಾಲೆಯ ಶಿಕ್ಷಕರು ಕೊಟ್ಟ ಗ್ರೇಡು. ಪರೀಕ್ಷೆಯ ಅಂಕ ಜುಲೈನಲ್ಲಿ ಬರುತ್ತದೆ. ಹನ್ನೆರಡನೇ ತರಗತಿಯಲ್ಲಿ ಬರೆದ ಪರೀಕ್ಷೆಗಳ ಅಂಕ ಬರುವಷ್ಟರಲ್ಲಿ ಪ್ರವೇಶದ ನಿರ್ಧಾರಗಳು ಮುಗಿದು ತಿಂಗಳುಗಳೇ ಕಳೆದಿರುತ್ತವೆ. ಅದರ ಉಪಯೋಗ ಮುಖ್ಯವಾಗಿ ಕಾಲೇಜು ಸೇರಿದ ಮೇಲೆ ಕ್ರೆಡಿಟ್, ಅಂದರೆ ಆ ಪಾಠವನ್ನು ಆಗಲೇ ಮುಗಿಸಿದ ಲೆಕ್ಕ, ಪಡೆಯಲು.

ಭಾರತದಲ್ಲಿ ಒಂಬತ್ತು ಅಥವಾ ಹತ್ತನೇ ತರಗತಿ ಓದಿ ಇಲ್ಲಿಗೆ ಬಂದ ಮಕ್ಕಳ ಪಾಡು ಇನ್ನೊಂದು. ಅಲ್ಲಿನ ಶೇ 78 ಒಳ್ಳೆಯ ಅಂಕವಾಗಿರಬಹುದು. ಇಲ್ಲಿನ ಹಲವು ಶಾಲೆಗಳ ಅಳತೆಯಲ್ಲಿ 78 ಎಂದರೆ ಸಿ ಗ್ರೇಡು. ಶಾಲೆಗೆ ಸೇರಿಸುವ ದಿನವೇ ಕೌನ್ಸೆಲರ್ ಹತ್ತಿರ ಕೂತು, ಈ ಅಂಕಗಳನ್ನು ಹೇಗೆ ದಾಖಲಿಸುತ್ತೀರಿ, ಗ್ರೇಡಿಗೆ ಬದಲಾಯಿಸುತ್ತೀರೋ ಅಥವಾ ಬರೀ ಉತ್ತೀರ್ಣ ಎಂದು ಬರೆದು ಜಿಪಿಎಯಿಂದ ಹೊರಗಿಡುತ್ತೀರೋ ಎಂದು ಕೇಳಬೇಕು. ಅಂಕಪಟ್ಟಿಯ ಹಿಂದೆ ಪ್ರಥಮ ದರ್ಜೆ, ಅತ್ಯುನ್ನತ ದರ್ಜೆಗೆ ಎಷ್ಟು ಬೇಕು ಎಂದು ಮುದ್ರಿಸಿರುವ ಕೋಷ್ಟಕವಿದ್ದರೆ ಅದರ ಪ್ರತಿಯನ್ನೂ ಕೊಡಬೇಕು. ಒಮ್ಮೆ ಸಿ ಎಂದು ದಾಖಲಾದ ಮೇಲೆ ಅದನ್ನು ಬದಲಾಯಿಸುವುದು ಬಹಳ ಕಷ್ಟ.

ಟೆಕ್ಸಸ್ ರಾಜ್ಯದ ಪದ್ಧತಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಅಲ್ಲಿ ಪ್ರವೇಶವೇ ಅಳತೆಯಾಗಿದೆ. ಜನಾಂಗವನ್ನು ಪ್ರವೇಶಕ್ಕೆ ಪರಿಗಣಿಸಬಾರದು ಎಂದು 1996ರಲ್ಲಿ ಹಾಪ್‌ವುಡ್ ಮೊಕದ್ದಮೆಯಲ್ಲಿ ತೀರ್ಪು ಬಂದ ನಂತರ, 1997ರಲ್ಲಿ ಅಲ್ಲಿನ ಶಾಸನಸಭೆ ಪ್ರತಿ ಹೈಸ್ಕೂಲಿನ ಮೇಲಿನ ಶೇ 10ರಷ್ಟು ಮಕ್ಕಳಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಎಂಬ ಕಾನೂನು ಮಾಡಿತು. ಬಡ ಹಳ್ಳಿಯ ಶಾಲೆಯಲ್ಲಿ ಮೊದಲಿಗನಾದ ಹುಡುಗನೂ ಸಿರಿವಂತ ಉಪನಗರದ ಶಾಲೆಯಲ್ಲಿ ಮೊದಲಿಗಳಾದ ಹುಡುಗಿಯೂ ಆ ಕಾನೂನಿನ ಮುಂದೆ ಸಮಾನರು. ಈ ಯೋಚನೆಯನ್ನು ನಾನು ಗೌರವಿಸುತ್ತೇನೆ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಇಂಥವರೇ ತುಂಬಿಹೋಗತೊಡಗಿದಾಗ, 2009ರ ತಿದ್ದುಪಡಿ ಆ ಒಂದು ವಿಶ್ವವಿದ್ಯಾಲಯಕ್ಕೆ ನೇರ ಪ್ರವೇಶವನ್ನು ರಾಜ್ಯದ ಮಕ್ಕಳ ಸೀಟುಗಳಲ್ಲಿ ಮುಕ್ಕಾಲು ಪಾಲಿಗೆ ಮಿತಿಗೊಳಿಸಲು ಅವಕಾಶ ಕೊಟ್ಟಿತು. ಅದರಿಂದ ಅಲ್ಲಿನ ಗೆರೆ ಶೇ 10ರಿಂದ ಬಿಗಿಯಾಗುತ್ತಾ ಬಂದು ಶೇ 6 ಆಗಿ, 2026ರ ಪ್ರವೇಶಕ್ಕೆ ಶೇ 5ಕ್ಕೆ ಬಂದು ನಿಂತಿದೆ. ಗೆರೆಯೊಳಗೆ ಬಂದವರಿಗೂ ಖಾತ್ರಿಯಾಗುವುದು ವಿಶ್ವವಿದ್ಯಾಲಯವೇ ಹೊರತು ಕಂಪ್ಯೂಟರ್ ಸೈನ್ಸ್ ಅಥವಾ ಎಂಜಿನಿಯರಿಂಗ್ ಅಲ್ಲ. ಆ ವಿಭಾಗಗಳ ಆಯ್ಕೆ ಬೇರೆಯಾಗಿಯೇ ನಡೆಯುತ್ತದೆ. ನೇರ ಪ್ರವೇಶ ಸಿಕ್ಕಿತೆಂದು ಸಂಭ್ರಮಿಸಿ, ಬಯಸಿದ ವಿಭಾಗ ಸಿಗದೆ ಪೇಚಾಡಿದ ಮನೆಗಳು ನನಗೆ ಗೊತ್ತಿವೆ.

ಈ ಶ್ರೇಣಿಯ ಪದ್ಧತಿಯಲ್ಲಿ ಮಕ್ಕಳ ಮೇಲೆ ಬೀಳುವ ಒತ್ತಡವನ್ನು ಒಂದು ಲೆಕ್ಕದಲ್ಲೇ ತೋರಿಸಬಹುದು. ಎಪಿಯ ಎ ಗ್ರೇಡಿಗೆ 5, ಸಾಮಾನ್ಯ ತರಗತಿಯ ಎ ಗ್ರೇಡಿಗೆ 4 ಕೊಡುವ ಶಾಲೆ. ಆರು ಎಪಿಗಳಲ್ಲಿಯೂ ಎ ತೆಗೆದ ಹುಡುಗನ ಜಿಪಿಎ 5.0. ಅದೇ ಹುಡುಗ ಏಳನೆಯ ಪಾಠವಾಗಿ ಆರ್ಕೆಸ್ಟ್ರಾ ಸೇರಿ, ವರ್ಷವಿಡೀ ಪಿಟೀಲು ಅಭ್ಯಾಸ ಮಾಡಿ, ಅದರಲ್ಲೂ ಎ ತೆಗೆದರೆ ಒಟ್ಟು 34, ಏಳರಿಂದ ಭಾಗಿಸಿದರೆ 4.86. ಎ ತೆಗೆದುಕೊಂಡದ್ದಕ್ಕೆ ಅವನ ಜಿಪಿಎ ಇಳಿಯಿತು. ಕಲೆಯ ತರಗತಿಗಳನ್ನು ಶ್ರೇಣಿಯ ಲೆಕ್ಕದಿಂದ ಹೊರಗಿಟ್ಟು ಇದನ್ನು ಸರಿಪಡಿಸಿಕೊಂಡಿರುವ ಶಾಲೆಗಳಿವೆ. ಇಲ್ಲದ ಕಡೆ ಪಿಟೀಲು ಮೂಲೆ ಸೇರುತ್ತದೆ. ಹದಿನೈದರ ವಯಸ್ಸಿನ ಮಗುವಿಗೆ ಇಂಥ ಆಯ್ಕೆ ಒಡ್ಡುವ ವ್ಯವಸ್ಥೆಯಲ್ಲಿ ಏನೋ ತಪ್ಪಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇನ್ನು ಹಣದ ಮಾತು. ಅತಿ ಹೆಚ್ಚು ಗ್ರೇಡು ಬೇಡುವ ಕಾಲೇಜುಗಳು ಬಹುಮಟ್ಟಿಗೆ ಗ್ರೇಡಿಗಾಗಿ ಹಣ ಕೊಡುವುದಿಲ್ಲ ಎಂಬುದು ಅನೇಕರಿಗೆ ಅನಿರೀಕ್ಷಿತ. ಹಾರ್ವರ್ಡ್, ಯೇಲ್ ಮುಂತಾದ ಐವಿ ಲೀಗ್‌ನ ಎಂಟೂ ವಿಶ್ವವಿದ್ಯಾಲಯಗಳು ಮತ್ತು ಎಂಐಟಿ ಕೊಡುವುದು ಕುಟುಂಬದ ಆದಾಯ, ಆಸ್ತಿ ನೋಡಿ ನಿರ್ಧರಿಸುವ ನೆರವನ್ನು ಮಾತ್ರ. ಅಲ್ಲಿ 4.0 ತೆಗೆದ ಮಗುವಿಗೂ 3.8 ತೆಗೆದ ಮಗುವಿಗೂ, ಪ್ರವೇಶ ಸಿಕ್ಕ ಮೇಲೆ, ಹಣದ ವಿಷಯದಲ್ಲಿ ವ್ಯತ್ಯಾಸವಿಲ್ಲ. ಗ್ರೇಡಿಗಾಗಿ ಹಣ ಕೊಡುವುದು ಒಳ್ಳೆಯ ವಿದ್ಯಾರ್ಥಿಗಳನ್ನು ತಮ್ಮತ್ತ ಸೆಳೆಯಬೇಕೆಂದಿರುವ ರಾಜ್ಯ ವಿಶ್ವವಿದ್ಯಾಲಯಗಳು ಮತ್ತು ಮಧ್ಯಮ ಹಂತದ ಖಾಸಗಿ ಕಾಲೇಜುಗಳು. ಅಲಬಾಮ ವಿಶ್ವವಿದ್ಯಾಲಯದಂಥವು ಯಾವ ಜಿಪಿಎ, ಯಾವ ಪರೀಕ್ಷಾ ಅಂಕಕ್ಕೆ ಎಷ್ಟು ಹಣ ಎಂದು ಕೋಷ್ಟಕವನ್ನೇ ಪ್ರಕಟಿಸುತ್ತವೆ. ಒಂದು ಕಾಲೇಜಿನ ಮನಸ್ಸು ತಿಳಿಯಬೇಕಾದರೆ ಬಹುತೇಕ ಕಾಲೇಜುಗಳು ಪ್ರತಿ ವರ್ಷ ಪ್ರಕಟಿಸುವ ಕಾಮನ್ ಡೇಟಾ ಸೆಟ್ ಎಂಬ ದಾಖಲೆಯನ್ನು ತೆರೆದು ನೋಡಬೇಕು. ಅದರ ಸಿ7 ಎಂಬ ಭಾಗದಲ್ಲಿ ಗ್ರೇಡು, ಪಾಠಗಳ ಗಟ್ಟಿತನ, ಶ್ರೇಣಿ ಇವುಗಳಲ್ಲಿ ಯಾವುದಕ್ಕೆ ಎಷ್ಟು ಮಹತ್ವ ಎಂದು ಗುರುತು ಹಾಕಿರುತ್ತಾರೆ. ಎಚ್2ಎ ಎಂಬ ಭಾಗದಲ್ಲಿ, ಆರ್ಥಿಕ ಅಗತ್ಯವಿಲ್ಲದಿದ್ದರೂ ವಿದ್ಯಾರ್ಥಿವೇತನ ಪಡೆದವರು ಎಷ್ಟು ಮಂದಿ, ಸರಾಸರಿ ಎಷ್ಟು ಹಣ ಎಂಬುದಿರುತ್ತದೆ. ಎಚ್2ಎಯಲ್ಲಿ ಸೊನ್ನೆ ಕಂಡರೆ, ಅಲ್ಲಿ ಗ್ರೇಡಿನ ಬಲದಿಂದ ಶುಲ್ಕ ಇಳಿಸಿಕೊಳ್ಳುವ ಆಸೆ ಬೇಡ.

ಕೇಂದ್ರ ಸರ್ಕಾರದ ಪೆಲ್ ಗ್ರ್ಯಾಂಟ್ ಎಂಬ ನೆರವು ಆದಾಯಕ್ಕೆ ಸಂಬಂಧಿಸಿದ್ದು, ಹೈಸ್ಕೂಲಿನ ಜಿಪಿಎ ಕೇಳುವುದಿಲ್ಲ. ಆದರೆ ಪೌರತ್ವ ಅಥವಾ ಗ್ರೀನ್ ಕಾರ್ಡ್‌ನಂಥ ಅರ್ಹ ಸ್ಥಿತಿ ಬೇಕು. ತಂದೆ ಅಥವಾ ತಾಯಿಯ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿರುವ ನಮ್ಮ ಮಕ್ಕಳಿಗೆ ಕೇಂದ್ರದ ನೆರವು ಸಿಗುವುದಿಲ್ಲ. ಅಂಥ ಮಕ್ಕಳಿಗೆ ಕಾಲೇಜು ತಾನೇ ಗ್ರೇಡಿನ ಮೇಲೆ ಕೊಡುವ ವಿದ್ಯಾರ್ಥಿವೇತನವೇ ದೊಡ್ಡ ಆಧಾರವಾದ್ದರಿಂದ, ಗೆರೆಗಳ ವಿಷಯ ಅವರ ಮನೆಗಳಲ್ಲಿ ಇನ್ನೂ ಮೊದಲೇ ಚರ್ಚೆಯಾಗಬೇಕು. ಕ್ಯಾಲಿಫೋರ್ನಿಯಾ ರಾಜ್ಯದ ನೆರವಾದ ಕ್ಯಾಲ್ ಗ್ರ್ಯಾಂಟ್ ಆದಾಯವನ್ನೂ ನೋಡುತ್ತದೆ, ಗ್ರೇಡನ್ನೂ ನೋಡುತ್ತದೆ: ಎ ವಿಭಾಗಕ್ಕೆ 3.0, ಬಿ ವಿಭಾಗಕ್ಕೆ 2.0.

ಗ್ರೇಡಿಗಾಗಿ ಹಣ ಕೊಡುವ ರಾಜ್ಯ ಯೋಜನೆಗಳಲ್ಲಿ ಹೆಸರಾದದ್ದು ಲಾಟರಿಯ ಆದಾಯದಿಂದ 1993ರಲ್ಲಿ ಶುರುವಾದ ಜಾರ್ಜಿಯಾದ ಹೋಪ್. ಅದಕ್ಕೆ 3.0 ಬೇಕು, 2011ರಲ್ಲಿ ಅದರ ಮೇಲೆ ಬಂದ ಝೆಲ್ ಮಿಲ್ಲರ್ ವಿದ್ಯಾರ್ಥಿವೇತನಕ್ಕೆ 3.7 ಮತ್ತು ನಿಗದಿತ ಪರೀಕ್ಷಾ ಅಂಕ ಬೇಕು. ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್ 1997ರದು. ಅದರ ಮೇಲಿನ ಹಂತಕ್ಕೆ ವೇಟೆಡ್ ಜಿಪಿಎ 3.5, ಕೆಳಗಿನ ಹಂತಕ್ಕೆ 3.0, ಜೊತೆಗೆ ಪರೀಕ್ಷಾ ಅಂಕ ಮತ್ತು ಸೇವೆಯ ಗಂಟೆಗಳು. ಟೆಕ್ಸಸ್‌ನಲ್ಲಿ ಹೈಸ್ಕೂಲಿಗೆ ಪ್ರಥಮ ಸ್ಥಾನ ಪಡೆದವರಿಗೆ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಬೋಧನಾ ಶುಲ್ಕ ಮಾಫಿಯಾಗುತ್ತದೆ, ಎರಡನೇ ಸ್ಥಾನದವರಿಗೆ ಆ ರಿಯಾಯಿತಿಯಿಲ್ಲ.

ಅಳೆಯುವವರ ಗೆರೆ ಎಷ್ಟು ನಿಷ್ಠುರ ಎಂಬುದನ್ನು ನೋಡಬೇಕಾದರೆ, ಒಂಬತ್ತನೇ ತರಗತಿಯಲ್ಲಿ 2.8 ತೆಗೆದು ಹತ್ತರಿಂದ ಮುಂದೆ ಎಲ್ಲದರಲ್ಲೂ ಎ ತೆಗೆದ ಮಗುವನ್ನು ನೆನೆಸಿಕೊಳ್ಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಹೆಚ್ಚುವರಿ ಪಾಯಿಂಟು ಬಿಟ್ಟರೂ ಆ ಮಗುವಿನದು 4.0. ಬೇರೊಂದು ಕಡೆ ಅರ್ಜಿ ಓದುವವರು ಏರುಗತಿ ಕಂಡು ಮೆಚ್ಚಿಕೊಳ್ಳುತ್ತಾರೆ. ಆದರೆ ನವೆಂಬರ್‌ನಲ್ಲಿ ಅರ್ಜಿ ಹಾಕುವಾಗ ಆರು ಸೆಮಿಸ್ಟರ್‌ಗಳ ಸರಾಸರಿ 3.6, ಝೆಲ್ ಮಿಲ್ಲರ್‌ನ 3.7ಕ್ಕೆ ಅದು ಸಾಲದು, ಏರುಗತಿಗೆ ಅಲ್ಲಿ ಬಿಡಿಗಾಸಿನ ಬೆಲೆಯೂ ಇಲ್ಲ. ಹನ್ನೆರಡನೇ ತರಗತಿಯ ಎರಡು ಸೆಮಿಸ್ಟರ್‌ಗಳಲ್ಲೂ ಎಲ್ಲ ಎ ಬಂದರೆ ಎಂಟರ ಸರಾಸರಿ ಸರಿಯಾಗಿ 3.7ಕ್ಕೆ ಬಂದು ನಿಲ್ಲುತ್ತದೆ, ಮತ್ತು ಅಲ್ಲಿ ಹೈಸ್ಕೂಲು ಮುಗಿಯುವವರೆಗಿನ ಗ್ರೇಡು ಲೆಕ್ಕಕ್ಕಿದೆ. ಪ್ರವೇಶ ಪತ್ರ ಕೈಗೆ ಬಂದ ಮೇಲೆ ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ಸಾಮಾನ್ಯ ತರಗತಿಯಲ್ಲಿ ಬಿ ಬಂದರೂ ಗೆರೆ ಕೈತಪ್ಪುತ್ತದೆ. ಹನ್ನೆರಡನೇ ತರಗತಿಯಲ್ಲಿ ಇನ್ನೇನಿದೆ ಎಂದು ಕೈಚೆಲ್ಲುವ ಮಕ್ಕಳಿಗೆ ನಾನು ತೋರಿಸುವುದು ಈ ಲೆಕ್ಕವನ್ನು. ಪ್ರವೇಶಕ್ಕೂ ಆ ವರ್ಷ ಮುಖ್ಯವೇ: ವರ್ಷದ ನಡುವೆ ಒಂದು ವರದಿ, ಕೊನೆಗೆ ಅಂತಿಮ ಅಂಕಪಟ್ಟಿ ಕಾಲೇಜಿಗೆ ಹೋಗುತ್ತದೆ, ಗ್ರೇಡು ತೀರಾ ಕುಸಿದರೆ ಕೊಟ್ಟ ಪ್ರವೇಶವನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ಅವರಿಗಿದೆ.

ಹಾಗಾದರೆ ಕಷ್ಟದ ಪಾಠ ಆರಿಸಿಕೊಳ್ಳಬೇಕೋ, ಗ್ರೇಡು ಕಾಪಾಡಿಕೊಳ್ಳಬೇಕೋ? "ಎಪಿ ತಗೊಂಡು ಬಿ ಬರೋದು ಒಳ್ಳೇದಾ, ಸಾಮಾನ್ಯ ಕ್ಲಾಸಲ್ಲಿ ಎ ಬರೋದು ಒಳ್ಳೇದಾ?" ಎಂದು ನನ್ನನ್ನು ಕೇಳಿದ ತಂದೆಯೊಬ್ಬರಿಗೆ ನಾನು ಕೊಟ್ಟ ಉತ್ತರ, ಹಣ ಎಲ್ಲಿಂದ ಬರಬೇಕಾಗಿದೆ ಎಂಬ ಮರುಪ್ರಶ್ನೆ. ಗ್ರೇಡು ಗೆರೆಗಿಂತ ಸಾಕಷ್ಟು ಮೇಲಿದ್ದರೆ ಕಷ್ಟದ ಪಾಠವನ್ನೇ ಆರಿಸಿಕೊಳ್ಳಲಿ. ಓದುವವರಿಗೆ ಅದು ಕಾಣುತ್ತದೆ, ಕಾಲೇಜಿನ ಮೊದಲ ವರ್ಷಕ್ಕೂ ಅದರ ತಯಾರಿ ಬೇಕು. ಮಗು ಗೆರೆಯ ಅಂಚಿನಲ್ಲಿದ್ದು, ಆ ವಿದ್ಯಾರ್ಥಿವೇತನ ಬಾರದಿದ್ದರೆ ಸಾಲ ಮಾಡಬೇಕಾದ ಮನೆಯಾಗಿದ್ದರೆ, ಒಂದು ಎಪಿಯನ್ನು ಕೈಬಿಡುವುದರಲ್ಲಿ ಯಾವ ಹೇಡಿತನವೂ ಇಲ್ಲ. ಗೆರೆ ಮುಟ್ಟಲೆಂದೇ ಮಕ್ಕಳು ಕಷ್ಟದ ಪಾಠಗಳನ್ನು ಬಿಡುವ ಅಪಾಯವನ್ನು ಯೋಜನೆ ಮಾಡಿದವರೂ ಮನಗಂಡಿದ್ದಾರೆ. ಸುಲಭದ ಪಾಠಗಳಿಂದಷ್ಟೇ 3.0 ಗಳಿಸಿದರೆ ಸಾಲದೆಂದು ಹೋಪ್‌ನ ನಿಯಮದಲ್ಲಿ, 2017ರಿಂದ ಹೈಸ್ಕೂಲು ಮುಗಿಸುವವರು ಗಟ್ಟಿ ಪಾಠಗಳ ಪಟ್ಟಿಯಿಂದ ನಾಲ್ಕು ಪೂರ್ಣ ಕ್ರೆಡಿಟ್ ಪಡೆದಿರಬೇಕು ಎಂದು ಸೇರಿಸಲಾಯಿತು. ಹೈಸ್ಕೂಲಿನಲ್ಲಿದ್ದಾಗಲೇ ಡ್ಯುಯಲ್ ಎನ್‌ರೋಲ್‌ಮೆಂಟ್ ಮೂಲಕ ಕಾಲೇಜು ಪಾಠ ತೆಗೆದುಕೊಳ್ಳುವವರು ಮಾತ್ರ ಹೆಚ್ಚು ಎಚ್ಚರಿಕೆಯಿಂದಿರಬೇಕು. ಅಲ್ಲಿ ಬಂದ ಸಿ ಗ್ರೇಡು ಕಾಲೇಜು ಅಂಕಪಟ್ಟಿಯಲ್ಲಿ ಕಾಯಂ ಆಗಿ ಉಳಿಯುತ್ತದೆ, ಮುಂದೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗಲೂ ತೋರಿಸಬೇಕಾಗುತ್ತದೆ.

ಕೊನೆಯದಾಗಿ, ಸಿಕ್ಕ ವಿದ್ಯಾರ್ಥಿವೇತನವನ್ನು ಉಳಿಸಿಕೊಳ್ಳುವ ಮಾತು. ಹೈಸ್ಕೂಲಿನ ಗ್ರೇಡು ಅದನ್ನು ತಂದುಕೊಡುತ್ತದೆ, ಉಳಿಸುವುದು ಕಾಲೇಜಿನ ಗ್ರೇಡು. ಹೋಪ್‌ಗೆ ಕಾಲೇಜಿನಲ್ಲೂ 3.0 ಇರಬೇಕು, ಝೆಲ್ ಮಿಲ್ಲರ್‌ಗೆ 3.3, ಬ್ರೈಟ್ ಫ್ಯೂಚರ್ಸ್‌ನ ಮೇಲಿನ ಹಂತಕ್ಕೆ 3.0, ಕೆಳಗಿನದಕ್ಕೆ 2.75. ಎಂಜಿನಿಯರಿಂಗ್ ಸೇರಿದ ಮಗುವಿಗೆ ಕ್ಯಾಲ್ಕುಲಸ್, ಭೌತಶಾಸ್ತ್ರ, ರಸಾಯನಶಾಸ್ತ್ರ ಮೂರೂ ಮೊದಲ ಸೆಮಿಸ್ಟರ್‌ನಲ್ಲೇ ಒಟ್ಟಿಗೆ ಬಂದು 15 ಕ್ರೆಡಿಟ್‌ಗಳಲ್ಲಿ 2.6 ಆದರೆ, ಎರಡನೇ ಸೆಮಿಸ್ಟರ್‌ನ 15 ಕ್ರೆಡಿಟ್‌ಗಳಲ್ಲಿ 3.4 ತೆಗೆದರೆ ಮಾತ್ರ ಸರಾಸರಿ 3.0 ಆಗುತ್ತದೆ, ಮತ್ತು ಹೋಪ್‌ನವರು ಲೆಕ್ಕ ನೋಡುವ ಮೊದಲ ನಿಲುಗಡೆ ಇರುವುದು ಸರಿಯಾಗಿ 30 ಕ್ರೆಡಿಟ್‌ಗೆ. ಕಳೆದುಕೊಂಡರೆ ಮುಂದಿನ ನಿಲುಗಡೆಗಳಲ್ಲಿ ಮರಳಿ ಪಡೆಯಬಹುದು, ಆದರೆ ಒಂದೇ ಬಾರಿ. ಕಾಲೇಜುಗಳು ತಾವಾಗಿ ಕೊಡುವ ವಿದ್ಯಾರ್ಥಿವೇತನಗಳಲ್ಲಿ ಈ ಷರತ್ತುಗಳು ಒಂದೊಂದು ಕಡೆ ಒಂದೊಂದು ರೀತಿ ಇರುತ್ತವೆ. ಹೊರಗಿನ ಸಂಸ್ಥೆಗಳಿಂದ ಬಂದ ಹಣದಷ್ಟನ್ನು ತಮ್ಮ ನೆರವಿನಿಂದ ಕಡಿತ ಮಾಡುವ ಕಾಲೇಜುಗಳೂ ಇವೆ. ಹಾಗಾಗಿ ಮೇ 1ರ ಗಡುವಿಗೆ ಮುನ್ನ, ಸೇರುವ ಮುಂಗಡ ಹಣ ಕಟ್ಟುವ ಮೊದಲೇ, ಹಣಕಾಸು ನೆರವಿನ ಕಚೇರಿಗೆ ಪತ್ರ ಬರೆದು ಕೇಳಿ: ಉಳಿಸಿಕೊಳ್ಳಲು ಎಷ್ಟು ಜಿಪಿಎ ಬೇಕು, ಅದನ್ನು ಸೆಮಿಸ್ಟರಿಗೊಮ್ಮೆ ನೋಡುತ್ತೀರೋ ವರ್ಷಕ್ಕೊಮ್ಮೆಯೋ, ಕೆಳಗಿಳಿದರೆ ಬೇಸಿಗೆಯ ಪಾಠಗಳಿಂದ ಸರಿಪಡಿಸಿಕೊಳ್ಳಬಹುದೇ, ಹೊರಗಿನಿಂದ ಹಣ ಬಂದರೆ ನಿಮ್ಮ ನೆರವು ಕಡಿಮೆಯಾಗುತ್ತದೆಯೇ. ಫೋನಿನಲ್ಲಿ ಕೇಳಿ ಬಿಡಬೇಡಿ. ಉತ್ತರ ಬರಹದಲ್ಲೇ ಬರಲಿ.